ಸ್ಟೀರಿಂಗ್ ನನಗೆ, ಶಿಲುಬೆ ಅತ್ತೆಗೆ

ಬುಕಾರೆಸ್ಟ್
ಅಕ್ಟೋಬರ್ 9, ಭಾನುವಾರ

ಪ್ರೀತಿಯ ತೋಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕಿತ್ತಳೆ ಪೆಟ್ಟಿಗೆ ಎತ್ತುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೋ ಎಂದು ಎಷ್ಟು ಸಲ ಹೇಳಿದರೂ ನಿನ್ನ ಕಿವಿಗೆ ಬೀಳುವುದಿಲ್ಲ. ಅತ್ತೆ, ನಾನು ಇಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ. ಅದಕ್ಕೇ ಈ ಕಾಗದ. ವೆಲೆನ್ಸಿಯಾಕ್ಕೆ ಹೊರಡುವ ವ್ಯಾನಿನವನ ಕೈಲಿ ಸುಟ್ಟ ಬದನೆಕಾಯಿಯ ಝಕುಸ್ಕಾ ಗೊಜ್ಜಿನ ಬಾಟಲಿಗಳ ಜೊತೆ ಕಳಿಸುತ್ತಿದ್ದೇನೆ. ಇನ್ನೆರಡು ವರ್ಷ ಅಲ್ಲೇ ದುಡಿಯುವ ಕರಾರಿಗೆ ಈ ವಾರ ಸಹಿ ಹಾಕಲೇ, ಬೇಡವೇ ಎಂದು ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ಕೊಡುವ ಮೊದಲು ನಿನ್ನೆಯ ಕಥೆ ಕೇಳು.

ನಿನ್ನೆ ನಾನು ಒಂದು ದಿನಕ್ಕೆ ಕಾರು ಬಾಡಿಗೆಗೆ ಹಿಡಿದೆ. ಗಾಬರಿಯಾಗಬೇಡ, ಬದುಕಿದ್ದೇನೆ. ನಿನ್ನ ಅಮ್ಮ ಹಳ್ಳಿಯಿಂದ ನಮ್ಮ ಆರನೇ ಮಹಡಿಗೆ ಬಂದ ಮೇಲೆ ಚರ್ಚು, ಮಾರ್ಕೆಟ್ಟು ಬಿಟ್ಟು ಬೇರೇನೂ ಕಂಡವರಲ್ಲ. ಕೇಳಿದಾಗಲೆಲ್ಲ ತೋಮಾ ಬರಲಿ, ಅವನೇ ಸುತ್ತಾಡಿಸುತ್ತಾನೆ ಎಂದು ಹೇಳಿ ಹೇಳಿ ನನಗೇ ನಾಚಿಕೆಯಾಗಿತ್ತು. ಲೈಸೆನ್ಸ್ ಇದೆ, ಧೈರ್ಯ ಇಲ್ಲ ಎಂದು ನೀನು ನೆಂಟರ ಮುಂದೆ ನಗುತ್ತಿದ್ದದ್ದೂ ಮರೆತಿಲ್ಲ ಬಿಡು. ಕಾರಿನ ಅಂಗಡಿಯ ಕೊರ್ನೆಲ್ ನನ್ನ ಭುಜದಾಚೆ ಕತ್ತು ಚಾಚಿ, "ಗಾಡಿ ಓಡಿಸೋರು ಹಿಂದೆ ಬರ್ತಿದಾರಾ ಮೇಡಂ?" ಎಂದ. "ಮುಂದೆ ನಿಂತಿದೀನಿ" ಎಂದೆ. ಅವನು ಬೀಗದ ಕೈ ಕೊಡುವಷ್ಟರಲ್ಲಿ ಅತ್ತೆ ತುಳಸಿ ಕಡ್ಡಿಯಿಂದ ಇಡೀ ಕಾರಿಗೆ ಪವಿತ್ರ ಜಲ ಚಿಮುಕಿಸಿ, ಟೈರಿಗೂ ಒಂದೊಂದು ಹನಿ ಮುಟ್ಟಿಸಿ ಮುಗಿಸಿದ್ದರು.

ಈ ಊರಿನಲ್ಲಿ ಮೂಲೆಗೊಂದು ಚರ್ಚು. ಬಸ್ಸಿನಲ್ಲಿ ಕೂತು ಶಿಲುಬೆ ಗುರುತು ಹಾಕಿ ರೂಢಿಯಾದ ನನ್ನ ಬಲಗೈ, ಮೊದಲನೇ ಚರ್ಚು ಕಂಡದ್ದೇ ತಾನಾಗಿ ಹಣೆಗೆ ಹೋಯಿತು. ಕಾರು ನೇರ ಟ್ರಾಮ್ ಹಳಿಗೆ ಹೋಯಿತು. ಗಂಟೆ ಬಾರಿಸಿಕೊಂಡು ಬರುತ್ತಿದ್ದ ಟ್ರಾಮು ಹೇಗೋ ನಿಂತಿತು. ಪಕ್ಕದ ಟ್ಯಾಕ್ಸಿಯವನು ಕಿಟಕಿ ಇಳಿಸಿ, "ಅಕ್ಕಾ, ಪ್ರಾರ್ಥನೆ ಮಾಡೋದಾದ್ರೆ ಇಳಿದು ಒಳಗೆ ಹೋಗಿ ಮಾಡು" ಎಂದು ಹೇಳಿ ಹೋದ. ಅತ್ತೆ ಬೈಯಲಿಲ್ಲ. ತಲೆವಸ್ತ್ರ ಬಿಗಿದುಕೊಂಡು, "ನೀನು ಸ್ಟೀರಿಂಗ್ ಹಿಡ್ಕೋ ಕಣೇ, ಶಿಲುಬೆ ನಾನು ನೋಡ್ಕೋತೀನಿ" ಎಂದರು. ಅಲ್ಲಿಂದಾಚೆ ಪ್ರತಿ ಚರ್ಚಿಗೂ ತಮ್ಮದು ಮುಗಿಸಿ ನನ್ನ ಪಾಲಿನದ್ದನ್ನೂ ಅವರೇ ಹಾಕಿದರು. ಹಳೇ ಪೇಟೆ ದಾಟುವಷ್ಟರಲ್ಲಿ ಅವರ ತೋಳು ಸೋತು, ಇಷ್ಟೊಂದು ಚರ್ಚು ಯಾಕೆ ಕಟ್ಟಿದರೋ ಎಂದು ಗೊಣಗಿದ್ದನ್ನು ನಾನು ಕೇಳಿಸಿಕೊಳ್ಳದವಳಂತಿದ್ದೆ. ದೊಡ್ಡ ಅರಮನೆಯ ಹತ್ತಿರದ ವೃತ್ತದಿಂದ ಹೊರಬೀಳಲಾಗದೆ ಸುತ್ತುತ್ತಲೇ ಇದ್ದೆ. ಅವರು ನಾನು ಚೆನ್ನಾಗಿ ತೋರಿಸುತ್ತಿದ್ದೇನೆ ಅಂದುಕೊಂಡು, ಸಾಕು ಮಗಳೇ, ಎಲ್ಲಾ ಕಡೆಯಿಂದಲೂ ನೋಡಿಯಾಯಿತು ಎಂದರು.

ಊರಾಚೆ ರಸ್ತೆ ಬಿಡುವಾದ ಮೇಲೆ ಕೈ ಕುದುರಿತು ನೋಡು. ಸ್ನಾಗೋವ್ ಕೆರೆಯ ತನಕ ಹಾಡು ಹೇಳಿಕೊಂಡೇ ಓಡಿಸಿದೆ. ದಡದಲ್ಲಿ ಕೂತು ಕೆಂಡದಲ್ಲಿ ಸುಟ್ಟ ಮಿಚ್ ಮಾಂಸದುಂಡೆ ತಿಂದೆವು, ಸಾಸಿವೆ ಅದ್ದಿಕೊಂಡು. ತೋಮಾ ಬರುವ ತನಕ ಕಾಯಬೇಕಾಗಲಿಲ್ಲ, ನಾನೇ ಕರೆತಂದೆ ನೋಡಿ ಎಂದು ಸ್ವಲ್ಪ ಜಂಬ ಕೊಚ್ಚಿಕೊಂಡೆ. ಅತ್ತೆ ನೀರನ್ನೇ ನೋಡುತ್ತ, "ನಾನು ಕಾಯ್ತಿದ್ದದ್ದು ಕಾರಿಗೆ ಅಂದ್ಕೊಂಡ್ಯಾ?" ಎಂದರು. ನನ್ನ ತಟ್ಟೆಯ ಕೊನೇ ಮಿಚ್ ಎತ್ತಿ ಅವರ ತಟ್ಟೆಗೆ ಹಾಕಿದೆ.

ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ತಲೆಗೆ ಟೋಪಿ ಹಾಕಿಕೊಳ್ಳಬೇಕಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಸ್ಮರಾಂಡಾ

ಮರೆತ ಮಾತು: ವ್ಯಾನಿನವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಕಾರು ವಾಪಸು ಕೊಟ್ಟಾಗ ಕೊರ್ನೆಲ್ ಬಗ್ಗಿ ಬಗ್ಗಿ ನೋಡಿದರೂ ಒಂದು ಗೀರು ಸಿಗಲಿಲ್ಲ. ಅವನ ಡ್ರೈವರ್ ಕೆಲಸ ಬಿಟ್ಟಿದ್ದಾನಂತೆ; ವಿಮಾನ ನಿಲ್ದಾಣಕ್ಕೆ ಗಿರಾಕಿಗಳ ಕಾರು ತಲುಪಿಸಲು ಬರುತ್ತೀರಾ ಎಂದು ಕೇಳಿದ. ಟ್ರಾಮಿನ ಸಂಗತಿ ಅವನಿಗೆ ನಾನೇಕೆ ಹೇಳಲಿ? ಒಪ್ಪಿಕೊಂಡೆ, ನಾಳೆಯಿಂದಲೇ ಕೆಲಸ. ನೀನು ದೂರ ಹೋಗಿ ದುಡಿಯದಿದ್ದರೂ ಇನ್ನು ಮನೆ ನಡೆಯುತ್ತದೆ ತೋಮಾ. ನನಗೆ ನೀನು ಬೇಕು. ಸಹಿ ಹಾಕಬೇಡ, ಬಂದುಬಿಡು.