ಒಲೆಯ ಮೇಲಿದ್ದ ಲ್ಯಾಪ್‌ಟಾಪ್

ತೆಂಗಿನಗುಂಡಿ, ಬುಧವಾರ

ಕುಮಟೆಯ ಕಂಪ್ಯೂಟರ್ ರಿಪೇರಿ ಅಂಗಡಿಯ ದಿನಕರಣ್ಣನಿಗೆ ಸುಶ್ಮಿತಾಳ ನಮಸ್ಕಾರ.

ಲ್ಯಾಪ್‌ಟಾಪ್ ತಂದವಳು ನನ್ನ ಅಮ್ಮ, ತಿಮ್ಮಕ್ಕ. ಅವಳಿಗೆ ಓದಲು ಬಾರದು. ದಯವಿಟ್ಟು ಇದನ್ನು ಗಟ್ಟಿಯಾಗಿ ಓದಬೇಡಿ. ನನ್ನ ಕಾಲಿನ ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ, ಬಸ್ ಹತ್ತಲಾರೆ.

ಲ್ಯಾಪ್‌ಟಾಪಿಗೆ ಎಲ್ಲಾದರೂ ಬಿಸಿ ತಗುಲಿತ್ತೇ ಎಂದು ಫೋನಿನಲ್ಲಿ ಕೇಳಿದಿರಿ. ಅಮ್ಮ ಪಕ್ಕದಲ್ಲಿದ್ದಳು, ಇಲ್ಲ ಎಂದೆ. ತಗುಲಿತ್ತು. ನಾನು ಆಸ್ಪತ್ರೆಯಲ್ಲಿದ್ದ ತಿಂಗಳಿಡೀ, ಮಳೆಗೆ ತೇವ ಹಿಡಿಯಬಾರದೆಂದು ಅವಳು ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನಿನ ಜೊತೆ ಇಟ್ಟಿದ್ದಳು. ಆಗಿನಿಂದಲೇ ಪರದೆಯ ತುಂಬ ಗೆರೆ. ವಾರಂಟಿ ಮುಗಿದು ವರ್ಷವಾಯಿತು.

ಸೋಮವಾರದೊಳಗೆ ಇದರಲ್ಲಿರುವ ದೋಣಿಯ ನಕ್ಷೆಯನ್ನು ಕಂಪನಿಗೆ ಕಳಿಸದಿದ್ದರೆ ನನ್ನ ಕೆಲಸ ಹೋಗುತ್ತದೆ. ಗ್ರಾಫಿಕ್ಸ್ ಚಿಪ್ಪಿಗೆ ಬಿಸಿಗಾಳಿ ಕೊಟ್ಟರೆ ಬಿಟ್ಟ ಬೆಸುಗೆ ಕೂಡಿ ನಾಲ್ಕು ದಿನ ನಡೆಯಬಹುದು, ಪೂರ್ತಿ ಸಾಯಲೂಬಹುದು ಎಂದಿರಿ. ಕೊಟ್ಟುಬಿಡಿ.

ಸತ್ತರೆ ಅವಳಿಗೆ ಹೇಳಬೇಡಿ, ನನಗೆ ಫೋನ್ ಮಾಡಿ. ಮೀನಿನ ವಾಸನೆಯ ಮಾತೂ ಬೇಡ. “ಎಂತ ಆತು ಇದ್ಕೆ?” ಎಂದು ಕೇಳಿದರೆ, ಹಳೆಯದಾಗಿದೆ ಎನ್ನಿ. ನೀವು ಬಿಸಿಗಾಳಿ ಹಿಡಿದದ್ದನ್ನು ಕಂಡರೆ, “ನಾನೂ ಒಲೆ ಮೇಲೆ ಬೆಚ್ಚಗೇ ಇಟ್ಟಿದ್ದೆ” ಎಂದು ಹೆಮ್ಮೆಯಿಂದ ಹೇಳುತ್ತಾಳೆ.

ಆಗ, “ಹೌದು ತಿಮ್ಮಕ್ಕ, ಅದಕ್ಕೇ ಇಷ್ಟು ದಿನ ಬಾಳಿತು” ಎನ್ನಿ.

ನಿಮ್ಮ ಕೈಯನ್ನೇ ನಂಬಿ ಕೂತಿರುವ,
ಸುಶ್ಮಿತಾ