ಎರಡು ಮಣಿ ಕಡಿಮೆ

ಕಾಯ್ಕಿಣಿ
ಗುರುವಾರ, ಫೆಬ್ರವರಿ ೧೨

ಪ್ರೀತಿಯ ಮಗ ಹರೀಶನಿಗೆ ಅಮ್ಮ ಮಾಡುವ ಆಶೀರ್ವಾದ.

ಹಣೆಯ ಗಾಯ ಹೇಗಿದೆ? ಹೊಲಿಗೆ ಬಿಚ್ಚಿದರೋ ಇಲ್ಲವೋ? ಮೊನ್ನೆ ಫೋನಿನಲ್ಲಿ “ಎಂತ ಇಲ್ಲ ಅಮ್ಮ, ಸಣ್ಣ ಗಾಯ” ಎಂದೆ. ಸಣ್ಣ ಗಾಯಕ್ಕೆ ಐದು ಹೊಲಿಗೆ ಹಾಕುವ ಡಾಕ್ಟರರನ್ನು ನಾನು ಈವರೆಗೆ ಕಂಡಿಲ್ಲ. ಎಂಜಿನ್ ಕೋಣೆಯ ಬಿಸಿಗೆ ಬೆವರಿಳಿದು ಗಾಯ ಹಸಿಯಾಗದಂತೆ ನೋಡಿಕೊ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅಪ್ಪನ ಮೊಣಕಾಲು ನೋವು ಹಾಗೇ ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ನಿನ್ನ ಹೆಂಡತಿ ದೀಪಾ ಬ್ಯಾಂಡೇಜಿನ ಫೋಟೋ ನೋಡಿ ಅತ್ತಳು. ಅತ್ತು ಮುಗಿದ ಮೇಲೆ ಹರಿವೆ ಕೊಯ್ಯಲು ಕಳಿಸಿದೆ.

ನಿನ್ನ ಎಣ್ಣೆ ಹಡಗು ಆ ಬಂದರಿನ ಗಲಾಟೆಯಲ್ಲಿ ಸಿಕ್ಕಿ ನಿಂತು ಮೂರು ವಾರವಾಯಿತಲ್ಲ, ಅದರ ಬಿಸಿ ಇಲ್ಲಿಗೂ ತಟ್ಟಿದೆ ಎಂದರೆ ನಂಬುತ್ತೀಯಾ? ಬಂಕಿನಲ್ಲಿ ಡೀಸೆಲ್ ಒಂದು ದಿನ ಇದ್ದರೆ ಮೂರು ದಿನ ಇಲ್ಲ. ಗ್ಯಾಸ್ ಬುಕ್ ಮಾಡಿ ಹದಿನೆಂಟು ದಿನವಾಯಿತು. ಪಂಪು ನಿಂತು ಬದನೆ ಗಿಡ ಬಾಡತೊಡಗಿದಾಗ ಅಟ್ಟದಿಂದ ಹಳೆಯ ಕೊಡಗಳನ್ನು ಇಳಿಸಿದೆ. ನಾನೂ ದೀಪಾಳೂ ಗದ್ದೆಯ ಹೊಂಡದಿಂದ ನೀರು ಹೊತ್ತು ಹಾಕುತ್ತಿದ್ದೇವೆ. ಪಕ್ಕದ ಮನೆಯ ಸುಬ್ಬಿ ಬೇಲಿಯಾಚೆಯಿಂದ, “ಮಗ ಎಣ್ಣೆ ಹಡಗಲ್ಲೇ ಇದ್ದ, ಒಂದ್ ಕ್ಯಾನ್ ಕಳ್ಸೂಕೆ ಹೇಳೂಕಾಗ್ಲಿಲ್ವನೇ?” ಎಂದಳು. ನಿನ್ನ ಅಪ್ಪ ಸುಮ್ಮನಿರುತ್ತಾರೆಯೇ? “ಅಂವ ಅಲ್ಲಿ ಕೀಲಿ ತಿರುಗ್ಸಿದ್ರೆ ಸೀದಾ ನಿನ್ ಪಂಪಿಗೇ ಬತ್ತದೆ, ಪೈಪಿನ ಬುಡ ಹಿಡ್ಕಂಡು ನಿಂತ್ಕ” ಎಂದರು. ನಾನು ಕೊಡ ಹೊತ್ತು ನಗದೆ ದಾಟಿದೆ. ನಗು ಬಂದಿದ್ದು ನಿಜ.

ಆದರೆ ಹೊಂಡದ ದಂಡೆಯಲ್ಲಿ ನಿಂತು ಬೆರಗಾದೆ. ಯಾವ ಸಮುದ್ರ, ಯಾವ ದೇಶ! ಅಲ್ಲಿ ಯಾರೋ ಯಾರನ್ನೋ ತಡೆದರೆ ಕಾಯ್ಕಿಣಿಯ ಬದನೆ ಗಿಡ ತಲೆ ಬಾಗಿಸುತ್ತದೆ. ಹತ್ತನೇ ತರಗತಿಯ ಭೂಪಟದಲ್ಲಿ ಆ ದೇಶ ನನ್ನ ಕಿರುಬೆರಳಿನ ಉಗುರಿನಷ್ಟಿತ್ತು. ಮೇಷ್ಟ್ರು ಅದರ ಮೇಲೆ ಕೋಲಿಟ್ಟು “ಇಲ್ಲಿ ಎಣ್ಣೆ” ಎಂದಿದ್ದರು. ಅಲ್ಲಿ ಜನವೂ ಇದ್ದಾರೆ ಎಂದು ಹೇಳಿರಲಿಲ್ಲ.

ಆ ಜನರ ಸುದ್ದಿ ಹೇಳಿದವನು ನೀನೇ. ಪರದೇಶದ ಸೈನಿಕರು ಬಂದೂಕು ಹಿಡಿದು ಅವರ ಎಣ್ಣೆ ಬಾವಿಯನ್ನೂ ಬಂದರಿನ ಗೇಟನ್ನೂ ಕಾಯುತ್ತಾರೆ. ಕೊಳವೆಯಲ್ಲಿ ಎಣ್ಣೆ ಹಡಗಿಗೆ ಹೋಗುತ್ತದೆ. ಅದೇ ಕೊಳವೆಯ ಪಕ್ಕದಲ್ಲಿ ಊರ ಹೆಂಗಸರು ಖಾಲಿ ಡಬ್ಬ ಹಿಡಿದು ಸೀಮೆಎಣ್ಣೆಗೆ ಸಾಲು ನಿಲ್ಲುತ್ತಾರೆ. ಕೊಳವೆಯ ಮೀಟರ್ ನೋಡಲು ಹಡಗಿನಿಂದ ಇಳಿದಿದ್ದ ನಿನಗೆ ಆ ಸಾಲಿನ ಒಬ್ಬಳು ಕಲ್ಲು ಹೊಡೆದಳು, ನೀನು ಅವಳ ಮುಖ ನೋಡಿದೆ. ಈಗ ಏಳು ಹೆಂಗಸರನ್ನು ಹಿಡಿದಿಟ್ಟಿದ್ದಾರೆ; ಸೋಮವಾರ ನೀನು ಹೋಗಿ ಇವಳೇ ಎಂದು ತೋರಿಸಿ ಸಹಿ ಹಾಕಬೇಕು. ತೋರಿಸಿದರೆ ಅವಳನ್ನು ಒಯ್ಯುತ್ತಾರೆ, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ತೋರಿಸದಿದ್ದರೆ ಏಳೂ ಜನ ಮನೆಗೆ ಹೋಗುತ್ತಾರೆ. “ನಾ ಅವ್ಳಿಗೆ ಎಂತ ಮಾಡಿದ್ದೆ ಅಮ್ಮ? ನಾ ಬರೀ ಮೀಟ್ರು ನೋಡೂಂವ” ಎಂದು ನೀನು ಕೇಳಿದಾಗ, ಅವಳ ಕೈ ಮುರಿದುಹೋಗಲಿ ಎಂದವಳು ನಾನು. ಎರಡು ದಿನ ಕೊಡ ಹೊತ್ತ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನಿನಗೆ ಹೇಳದ ಒಂದು ಹಳೆಯ ಸಂಗತಿ ಇದೆ. ನನ್ನ ತವರು ಗೇರುಸೊಪ್ಪದ ಕೆಳಗೆ, ಹೊಳೆ ದಂಡೆಯಲ್ಲಿ. ಕರೆಂಟಿನ ದೊಡ್ಡ ತಂತಿ ನಮ್ಮ ಮಾಡಿನ ಮೇಲಿಂದಲೇ ದೂರದ ಊರುಗಳಿಗೆ ಹೋಗುತ್ತಿತ್ತು, ಕೆಳಗೆ ನಮಗೆ ಚಿಮಣಿ ದೀಪ. ಅದರ ಬೆಳಕಿನಲ್ಲೇ ಓದಿ ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ಕೇರಿಗೆ ಮೊದಲನೆಯವಳು. ನನ್ನ ಮದುವೆಯ ಹಿಂದಿನ ವರ್ಷ ಸರ್ವೆಯವರು ಬಂದು, ಕೇಳದೆ ಹೇಳದೆ ಗದ್ದೆಯ ನಡುವೆ ಗುರುತಿನ ಕಲ್ಲು ನೆಟ್ಟರು. ಒಂದು ಮಧ್ಯಾಹ್ನ ಕೇರಿಯ ಹುಡುಗಿಯೊಬ್ಬಳು ಅವರ ಜೀಪಿಗೆ ಕಲ್ಲು ಬೀಸಿದಳು. ಅದು ಬಿದ್ದದ್ದು ಸಾಹೇಬನಿಗಲ್ಲ, ಡ್ರೈವರ್ ಲಿಂಗಪ್ಪನ ಹಣೆಗೆ. ಘಟ್ಟದ ಮೇಲಿನವನು, ಹೊಟ್ಟೆಪಾಡಿಗೆ ಗಾಡಿ ಓಡಿಸುವವನು. ಬೀಸಿದ ರಭಸಕ್ಕೆ ಅವಳ ಕುತ್ತಿಗೆಯ ಮಣಿಸರಗಳಲ್ಲಿ ಒಂದು ಕಡಿದು ಜೀಪಿನ ಮುಂದೆ ಚೆಲ್ಲಿತು. ನಮ್ಮ ಹಾಲಕ್ಕಿ ಹೆಂಗಸರ ಸಂಗತಿ ನಿನಗೆ ಗೊತ್ತು, ಚಿಕ್ಕಂದಿನಿಂದಲೇ ಕುತ್ತಿಗೆ ತುಂಬ ಸರ ಹಾಕುವವರು, ತಮ್ಮ ಸರ ತಾವೇ ಪೋಣಿಸುವವರು, ಒಬ್ಬೊಬ್ಬಳದು ಒಂದೊಂದು ಬಗೆ. ಮಣಿ ಹೆಕ್ಕಿ ಕೇರಿಯಲ್ಲಿ ತೋರಿಸಿದರೆ ಯಾರದೆಂದು ಮಕ್ಕಳೂ ಹೇಳುತ್ತಿದ್ದರು. ಪೊಲೀಸರು ಬಂದು ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಹುಡುಗಿ ಸೆರಗು ಹೊದ್ದು ನಿಂತಿದ್ದಳು. ಲಿಂಗಪ್ಪ ರಕ್ತ ಒರೆಸಿಕೊಳ್ಳುತ್ತ ಬಂದು ಆ ಮಣಿಗಳ ಮೇಲೆಯೇ ಕೂತುಬಿಟ್ಟ. ಅವಳ ಮುಖವನ್ನೇ ನೋಡುತ್ತ, “ಬಿಸ್ಲು ಕಣ್ಣಿಗೆ ಹೊಡೀತಿತ್ತು ಸಾಮಿ, ಯಾರೂ ಕಾಣ್ಲಿಲ್ಲ” ಎಂದ.

ಎಂಟು ದಿನ ಬಿಟ್ಟು ಅವಳ ಮನೆಯ ಅಂಗಳಕ್ಕೆ ಬಂದು ಒಂದು ಕಾಗದದ ಪೊಟ್ಟಣ ಇಟ್ಟ. “ಎರಡು ಮಣಿ ಕಡಿಮೆ ಇರಬೌದು ತಂಗಿ. ಹುಡುಕ್ದೆ, ಸಿಗ್ಲಿಲ್ಲ” ಎಂದು ಹೋದ. ದೇವರ ಮುಂದೆ ನಿಂತಾಗಲೂ ನಾನು ಅಷ್ಟು ಬೆರಗಾದವಳಲ್ಲ, ಹರೀಶ. ಪೆಟ್ಟು ತನಗೆ ಬಿದ್ದರೂ ಸಿಟ್ಟು ತನ್ನ ಮೇಲಿನದಲ್ಲ ಎಂದು, ರಕ್ತ ಸುರಿಯುವ ಹೊತ್ತಿನಲ್ಲೇ ಆ ಮನುಷ್ಯನಿಗೆ ತಿಳಿದದ್ದು ಹೇಗೆ?

ಜಾಲಿ ಊರಿನ ದಾಸ ಶನಿವಾರ ನಿಮ್ಮ ಹಡಗು ಸೇರುತ್ತಾನಂತೆ, ಪತ್ರವನ್ನೂ ಅವಲಕ್ಕಿ ಡಬ್ಬವನ್ನೂ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಇದು ಫೋನಿನಲ್ಲಿ ಆಡುವ ಮಾತಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪನೂ ದೀಪಾಳೂ ನಿನ್ನನ್ನು ಕೇಳಿದ್ದಾರೆ.

ನಿನ್ನ ಗಾಯ ಬೇಗ ಆರಲಿ, ಮನೆಯ ಬಾವಿಯ ನೀರು ಬೇಗ ನಿನ್ನ ಬಾಯಿಗೆ ಬೀಳಲಿ ಎಂದು ಹರಸುವ ಅಮ್ಮ,
ನಾಗಿ ಶುಕ್ರ ಗೌಡ

ವಿ.ಸೂ.: ದಾಸ ಅಂಗಳದಲ್ಲಿ ನಿಂತು “ಅಕ್ಕಾ, ರೈಲು ಕಾಯೂದಿಲ್ಲ” ಎನ್ನುತ್ತಿದ್ದಾನೆ. ಅವಲಕ್ಕಿಯೊಳಗೆ ಒಂದು ಹಳೆಯ ಕಾಗದದ ಪೊಟ್ಟಣ ಇದೆ, ಎಲ್ಲರ ಎದುರು ಬಿಚ್ಚಬೇಡ. ಆ ಹುಡುಗಿ ನಾನೇ. ದೇವಪ್ಪನ ಮಾವಿನ ಮರಕ್ಕೆ ಕಲ್ಲು ಹೊಡೆದೆ ಎಂದು ನಿನ್ನ ಕಾಲಿಗೆ ಬರೆ ಬರುವಂತೆ ಬಾರಿಸಿದವಳೂ ನಾನೇ. ಲಿಂಗಪ್ಪನಿಗೆ ಅಂದು ಒಂದು ಚೊಂಬು ನೀರು ಕೊಡಲಿಲ್ಲ, ಬಾಗಿಲ ಹಿಂದೆ ನಿಂತಿದ್ದೆ. ಇದು ನಿನ್ನ ಅಪ್ಪನಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಸೋಮವಾರ ಅವಳ ಎದುರು ನಿಂತಾಗ ಪೊಟ್ಟಣ ಕಿಸೆಯಲ್ಲಿರಲಿ. ಕಲ್ಲು ಬಿದ್ದ ದಿನ ನಿನಗೂ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.