ಒಂಟೆಯ ಹಿಕ್ಕೆ ತೊಳೆದು ತನ್ನಿ ಎಂದ ಕಚೇರಿಗೆ

ಪಶು ಚಿಕಿತ್ಸಾಲಯದ ಮುಖ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಪ್ರಯೋಗಾಲಯದ ಕೃಪೆಯಿಂದ ರಾಮಮೂರ್ತಿ ನಗರದ ಒಂಟೆಯೊಂದು ಕಾಗದದ ಮೇಲೆ ದಷ್ಟಪುಷ್ಟವಾಗಿದೆ. ನಮ್ಮ ಮನೆ ಹಿಂದಿನ ಖಾಲಿ ಸೈಟಿನಲ್ಲಿ ಮಾತ್ರ ದಿನೇ ದಿನೇ ಸೊರಗುತ್ತಿದೆ. ಎರಡರಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯದೆ ಹೀಗೆ ಎಲ್ಲರೆದುರು ಕೇಳುತ್ತಿದ್ದೇನೆ.

ಒಂಟೆಯ ಹೆಸರು ಶಹಜಾದಿ. ಪಕ್ಕದ ಮನೆಯ ವಾಜಿದ್, ನನಗೆ ಮಗನ ವಯಸ್ಸಿನವನು, ಭಾನುವಾರ ಅವಳನ್ನು ಹಲಸೂರು ಕೆರೆಯ ಕಡೆ ಕರೆದೊಯ್ದು ಮಕ್ಕಳಿಗೆ ಸವಾರಿ ಮಾಡಿಸಿ ಸಂಸಾರ ನಡೆಸುತ್ತಾನೆ. "ಆಂಟಿ, ಮೇವು ಚೆನ್ನಾಗೇ ತಿಂತಾಳೆ, ಆದ್ರೂ ಮೂಳೆ ಎದ್ದು ಕಾಣ್ತಾವೆ. ಹೊಟ್ಟೇಲಿ ಕೀಡಾ, ಹುಳ ಇರ್ಬೇಕು" ಎಂದು ಅವನು ಕಣ್ಣೊರೆಸಿಕೊಂಡಾಗ, ವಿಮಾ ಕಚೇರಿಯಲ್ಲಿ ಜೀವ ಸವೆಸಿದ ನಾನು ಧೈರ್ಯ ಹೇಳಿದೆ. ಸರ್ಕಾರಿ ಆಸ್ಪತ್ರೆಯಿದೆ, ಪರೀಕ್ಷೆಯಿದೆ, ಹೆದರಬೇಡಪ್ಪಾ ಎಂದೆ.

ಹಿಕ್ಕೆಯ ಡಬ್ಬಿ ಹಿಡಿದು ನಿಮ್ಮಲ್ಲಿಗೆ ಬಂದೆವು. ಕೌಂಟರಿನಲ್ಲಿದ್ದ ಮಹನೀಯರು ಮೂಗು ಮುಚ್ಚಿಕೊಂಡರು. "ಏನಮ್ಮಾ ಇದು, ಆಫೀಸೆಲ್ಲಾ ನಾರುತ್ತೆ! ನಾಳೆ ಚೆನ್ನಾಗಿ ತೊಳ್ಕೊಂಡು ತನ್ನಿ." ದೊಡ್ಡವರ ಮಾತು ಮೀರುವುದುಂಟೇ? ಹಿಕ್ಕೆಯನ್ನು ಕಿವುಚಿ, ಹಳೇ ಟೀ ಜರಡಿಯಲ್ಲಿ ಹಾಕಿ, ಅಕ್ಕಿ ತೊಳೆದಂತೆ ನೀರು ತಿಳಿಯಾಗುವವರೆಗೆ ತೊಳೆದೆ. ಆ ನೀರನ್ನೂ ದಂಡ ಮಾಡದೆ ಗುಲಾಬಿ ಕುಂಡಕ್ಕೆ ಹಾಕಿದೆ. ಉಳಿದದ್ದನ್ನು ಹಪ್ಪಳದಂತೆ ಬಿಸಿಲಲ್ಲಿ ಒಣಗಿಸಿ, ಖಾಲಿ ಮೈಸೂರು ಪಾಕಿನ ಡಬ್ಬಿಯಲ್ಲಿಟ್ಟು ತಂದೆ. ಮಹನೀಯರು ಮೂಸಿ ನೋಡಿ ಮೆಚ್ಚಿದರು. "ಕಂಪ್ಯೂಟರಲ್ಲಿ ಒಂಟೆ ಇಲ್ಲ, ಎಮ್ಮೆ ಅಂತ ಹಾಕ್ತೀನಿ" ಎಂಬ ಔದಾರ್ಯವನ್ನೂ ತೋರಿದರು. ವರದಿ ಬಂತು: ಎಮ್ಮೆಯ ಹೊಟ್ಟೆಯಲ್ಲಿ ಹುಳುವಿನ ಮೊಟ್ಟೆಗಳಿಲ್ಲ.

"ರಿಪೋರ್ಟಲ್ಲಿ ಹುಳು ಇಲ್ಲ ಅಂದ್ಮೇಲೆ ಔಷಧಿ ಹೇಗ್ರೀ ಕೊಡೋದು?" ಎಂದು ನಿಮ್ಮ ಕಿರಿಯ ವೈದ್ಯರು ಕೈಚೆಲ್ಲಿದರು. ಮೈಕ್ರೋಬಯಾಲಜಿ ಓದಿದ ನನ್ನ ತಂಗಿ ಮಗಳು ವಿಭಾ ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ದೊಡ್ಡಮ್ಮಾ, ಆ ಮೊಟ್ಟೆ ಕಣ್ಣಿಗೇ ಕಾಣಲ್ಲ. ತೊಳೆದ ನೀರಿನ ಜೊತೆ ಜರಡಿಯಿಂದ ಹೋಗ್ಬಿಟ್ಟಿರುತ್ತೆ. ನೀವು ಟೆಸ್ಟ್‌ಗೆ ಕೊಟ್ಟಿದ್ದು ಬರೀ ಮೇವಿನ ನಾರು!" ಹಾಗಾದರೆ ಔಷಧಿಯನ್ನು ಈಗ ನನ್ನ ಗುಲಾಬಿ ಗಿಡಕ್ಕೆ ಕೊಡುತ್ತೀರಾ, ಸ್ವಾಮಿ? ಮೂಗಿಗೆ ಹಿತವಾದದ್ದನ್ನಷ್ಟೇ ಪರೀಕ್ಷಿಸುವುದಾದರೆ ಪಶುಗಳ ಗೊಡವೆ ನಿಮಗೇಕೆ? ಶಿವಾಜಿನಗರದ ಅತ್ತರಿನ ಅಂಗಡಿ ಸಾಲಿನಲ್ಲಿ ಪ್ರಯೋಗಾಲಯ ತೆರೆಯಬಹುದಲ್ಲ!

ನಗು ಇಷ್ಟಕ್ಕೆ ಸಾಕು. ಸೊರಗಿದ ಬೆನ್ನ ಮೇಲೆ ಮಕ್ಕಳನ್ನು ಕೂರಿಸಲು ಮನಸ್ಸೊಪ್ಪದೆ ವಾಜಿದ್ ಸವಾರಿ ನಿಲ್ಲಿಸಿದ್ದಾನೆ. ನಿನ್ನೆ ಶಹಜಾದಿ ಮಂಡಿಯೂರಿ ಕೂತವಳು ಏಳಲಾರದೆ ನನ್ನತ್ತ ನೋಡಿದಳು. ನನಗೆ ಸಂಕಟವಾಯಿತು, ಕೋಪವೂ ಬಂತು.

ಆದ್ದರಿಂದ ನಿಮ್ಮ ಸಿಬ್ಬಂದಿಯನ್ನು ಕಳಿಸಿ, ತಾಜಾ ಹಿಕ್ಕೆ ತೆಗೆದು, ಮತ್ತೊಮ್ಮೆ ಪರೀಕ್ಷಿಸಿ. ಒಂಟೆಯನ್ನು ಒಂಟೆ ಎಂದೇ ಬರೆಯಿರಿ. ಸೋಮವಾರದೊಳಗೆ ಯಾರೂ ಬಾರದಿದ್ದರೆ ಶಹಜಾದಿಯನ್ನೇ ಲಾರಿ ಹತ್ತಿಸಿ ನಿಮ್ಮ ಕೌಂಟರಿಗೆ ಕರೆತರುತ್ತೇವೆ. ಮಾದರಿಯನ್ನು ಅವಳೇ ಅಲ್ಲಿ ಕೊಡುತ್ತಾಳೆ. ತೊಳೆಯುವ ಸರದಿ ಈ ಸಲ ನಿಮ್ಮದು.

ಇಂತಿ,
ಹುಳುವಿಲ್ಲದ ಎಮ್ಮೆಯ ನೆರೆಮನೆಯಾಕೆ,
ಜಲಜಾ
ರಾಮಮೂರ್ತಿ ನಗರ